ಮೊದಲು ದನಿ, ಆಮೇಲೆ ಚಿತ್ರ

ಮಕ್ಕಳೇ, ಹಾಡು ಕೇಳಿದರೆ ಮನಸ್ಸಿಗೆ ಏನಾಗುತ್ತದೆ? ಇದನ್ನು ಹೇಳುವ ಅನಿಮೇಷನ್ ಸಾಕ್ಷ್ಯಚಿತ್ರವನ್ನು ಯಾವಗಲ್ ಊರಿನ ಶಾಲಾಮಕ್ಕಳು ಮಾಡಹೊರಟರೆ, ಕಥೆ ಹುಡುಕಿ ದೂರ ಹೋಗಬೇಕಿಲ್ಲ. 1922ರಲ್ಲಿ ಪಕ್ಕದ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದರು. 11ನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟರು. 2008ರಲ್ಲಿ ಅವರಿಗೆ ಭಾರತ ರತ್ನ ಬಂತು. (ನೀವು ಹಾಗೆ ಹೊರಡಬೇಡಿ, ಅಜ್ಜ ಹುಡುಕಿ ಸುಸ್ತಾದಾರು!)

ನಿಮ್ಮ ಮನೆಯಲ್ಲೂ ಕಥೆ ಇದೆ. ಕೇಳಿ ನೋಡಿ: "ಅಜ್ಜಿ, ಬೀಸೂವಾಗ ಯಾವ ಹಾಡು ಹಾಡ್ತಿದ್ದಿ? ಹಾಡಿದ್ರ ಕಲ್ಲು ಹಗುರ ಅನಸ್ತಿತ್ತೇನು?" ಒಪ್ಪಿಗೆ ಪಡೆದು, ಫ್ಯಾನ್ ಆರಿಸಿ, ಮೊಬೈಲಿನಲ್ಲಿ ದನಿ ಹಿಡಿದಿಡಿ. ಅಜ್ಜಿ ತಡವರಿಸಿದ್ದು, ನಕ್ಕಿದ್ದು, ಸುಮ್ಮನಾದದ್ದು ಯಾವುದನ್ನೂ ಅಳಿಸಬೇಡಿ. ಹಾಡಿನ ಪರಿಣಾಮ ಅಲ್ಲೇ ಕಾಣುವುದು.

ಆಮೇಲೆ ಚಿತ್ರ. ಸೆಕೆಂಡಿಗೆ 12ರಂತೆ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ಆರು ಮಂದಿ ಹಂಚಿಕೊಂಡರೆ ತಲಾ 120. ಬೀಸುವ ಕಲ್ಲು ಒಂದು ಸುತ್ತು ತಿರುಗುವ ಚಿತ್ರಗಳನ್ನು ಒಮ್ಮೆ ಬರೆದಿಟ್ಟರೆ ಅವನ್ನೇ ಮತ್ತೆ ಮತ್ತೆ ಬಳಸಬಹುದು. 'ಸಂಗೀತದಿಂದ ಎಲ್ಲ ರೋಗ ವಾಸಿ' ಎಂದೆಲ್ಲ ಸೇರಿಸಬೇಡಿ. ಅಜ್ಜಿ ಹೇಳಿದಷ್ಟೇ ಇರಲಿ. ಸಾಕ್ಷ್ಯಚಿತ್ರ ಎಂದರೆ ಅದೇ.

ಚಿತ್ರ ಕೆಟ್ಟರೆ ಮತ್ತೆ ಬರೆಯಬಹುದು. ದನಿ ಹಾಗಲ್ಲ. ಅಜ್ಜಿ ಇವತ್ತು ಹಾಡುತ್ತೇನೆಂದರೆ ಇವತ್ತೇ ಕೇಳಲು ಕೂತುಬಿಡಿ. ಅಜ್ಜಿಯಂದಿರೇ, ನೀವೂ "ಈಗೆಲ್ಲಿ ನೆನಪೈತಿ" ಎನ್ನಬೇಡಿ. ಮೊದಲ ನುಡಿ ಎತ್ತಿಕೊಳ್ಳಿ, ಉಳಿದದ್ದು ತಾನೇ ಬಂದೀತು.