ಮರ ಕಡಿಯೋದಕ್ಕೂ ಎಲ್-ಒನ್ನಾ ಸ್ವಾಮಿ?

ಮೇ ತಿಂಗಳು ಬಂತು ಅಂದ್ರೆ ಮುಂಬಯಿಯಲ್ಲಿ ಎರಡು ಸದ್ದು ಶುರು. ಒಂದು ಮಾವಿನಹಣ್ಣಿನವನ ಕೂಗು, ಇನ್ನೊಂದು ಚೈನ್ ಸಾ. ಮಳೆಗೆ ಮುಂಚೆ ಅಪಾಯದ ಕೊಂಬೆ ಕಡಿಸಿ ಅಂತ ಪಾಲಿಕೆಯಿಂದ ಸೊಸೈಟಿಗಳಿಗೆ ನೋಟೀಸು ಬರುತ್ತೆ. ರಸ್ತೆಬದಿಯ ಮರ ಪಾಲಿಕೆಯ ಲೆಕ್ಕ, ಕಾಂಪೌಂಡಿನ ಒಳಗಿನದು ನಮ್ಮ ಲೆಕ್ಕ. ವಾರ್ಡಿನ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಟ್ಟು, ಪರವಾನಗಿ ತಗೊಂಡು, ನಾವೇ ದುಡ್ಡು ಕೊಟ್ಟು ಕಡಿಸಬೇಕು. ಕೇಳದೆ ಕೊಡಲಿ ಹಾಕಿದರೆ 1975ರ ಮಹಾರಾಷ್ಟ್ರದ ಮರ ಸಂರಕ್ಷಣೆ ಕಾಯ್ದೆ ಇದೆ. ಇಷ್ಟು ನಮ್ಮ ಸೊಸೈಟಿಯಲ್ಲಿ ಎಲ್ಲರಿಗೂ ಬಾಯಿಪಾಠ. ಯಾರು ಕಡಿಯುತ್ತಾರೆ, ಯಾವುದರಿಂದ ಕಡಿಯುತ್ತಾರೆ ಅನ್ನೋದು ಮಾತ್ರ ಯಾರಿಗೂ ಬೇಡ.

ನನಗೂ ಬೇಡವಾಗಿತ್ತು. ಬಿ.ಕಾಂ. ಓದಿದ ಬ್ಯಾಂಕಿನವನು ಬಿಲ್ಡಿಂಗಿನಲ್ಲಿದ್ದಾನೆ ಅಂದ್ರೆ ಸೊಸೈಟಿಗೆ ಖಜಾಂಚಿ ಸಿಕ್ಕ ಹಾಗೇ ಅಲ್ವೆ? ಮುಲುಂಡಿನ ನಮ್ಮ ಸೊಸೈಟಿಗೆ ಒಂಬತ್ತು ವರ್ಷದಿಂದ ನಾನೇ ಖಜಾಂಚಿ. 2024ರ ಮೇ ತಿಂಗಳಲ್ಲಿ ಮೂರು ಕೊಟೇಶನ್ ಬಂದಿತ್ತು. 31 ಸಾವಿರ, 26 ಸಾವಿರ, 18 ಸಾವಿರ. ಅತಿ ಕಡಿಮೆಗೆ ಬ್ಯಾಂಕಿನ ಭಾಷೆಯಲ್ಲಿ ಎಲ್-ಒನ್ ಅಂತೀವಿ. ಎಲ್-ಒನ್‌ಗೆ ಕೊಟ್ಟರೆ ಆಡಿಟರ್ ಪ್ರಶ್ನೆ ಕೇಳೋಲ್ಲ. 18 ಸಾವಿರಕ್ಕೆ ಸಹಿ ಹಾಕಿದವನು ನಾನು. ಯಾರನ್ನೋ ಬೈಯೋಕೆ ಮುಂಚೆ ಇದನ್ನ ಹೇಳಿಬಿಡಬೇಕು ಅಂತ ಇಲ್ಲೇ ಹೇಳ್ತಾ ಇದ್ದೀನಿ.

ಬಂದವರು ಮೂವರು. ಮೇಲೆ ಹತ್ತಿದ್ದು ಯಾದಗಿರಿ ಕಡೆಯ ಒಬ್ಬ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಕಾಲಲ್ಲಿ ಹವಾಯಿ ಚಪ್ಪಲಿ, ಸೊಂಟಕ್ಕೊಂದು ನೈಲಾನ್ ಹಗ್ಗ. ಗುಲ್‌ಮೊಹರ್ ಮರ (ನಮ್ಮೂರ ಕಡೆ ಕತ್ತಿಕಾಯಿ ಮರ ಅಂತೀವಿ, ಅದರ ಕಾಯಿ ಹಿಡಿದು ಯುದ್ಧ ಮಾಡದ ಹುಡುಗರುಂಟೆ?). ಸುಮಾರು 25 ಅಡಿ ಎತ್ತರದಲ್ಲಿ ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಓಡುತ್ತಿರೋ ಮಶೀನು. ಹನ್ನೊಂದು ಗಂಟೆ ಹೊತ್ತಿಗೆ ಮಶೀನು ಒದೆಯಿತು. ಎಡಗೈ ಮೊಣಕೈ ಕೆಳಗೆ 14 ಹೊಲಿಗೆ. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದವನು ನಾನು. ಫೋನ್ ಮಾಡಿದರೆ ಕಂಟ್ರಾಕ್ಟರ್ ಹೇಳಿದ್ದು, "ಅವನು ನನ್ನ ಆಳಲ್ಲ, ದಿನಗೂಲಿ." ಸೊಸೈಟಿಯ ಇನ್ಶೂರೆನ್ಸು ಲಿಫ್ಟಿಗಿದೆ, ಬೆಂಕಿಗಿದೆ, ಅವನಿಗಿಲ್ಲ. ಆಸ್ಪತ್ರೆ ಖರ್ಚನ್ನ ನಾನು ವೋಚರಿನಲ್ಲಿ "ಇತರೆ" ಅಂತ ಬರೆದೆ. ಮುಂದಿನ ಮೀಟಿಂಗಿನ ನಡಾವಳಿಯಲ್ಲಿ "ಮರ ಸವರುವ ಕೆಲಸ ತೃಪ್ತಿಕರವಾಗಿ ಮುಗಿದಿದೆ" ಅಂತಿದೆ. ಅದರ ಕೆಳಗೂ ನನ್ನ ಸಹಿ ಇದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನಾನು ಕನ್ನಡದವನು ಅಂತ ಗೊತ್ತಾಗಿ ಅವನು ಮಾತಿಗೆ ಬಿದ್ದ. ಅವತ್ತು ಕಲಿತಷ್ಟನ್ನ ನಾನು ಯಾವ ಟ್ರೈನಿಂಗಿನಲ್ಲೂ ಕಲಿತಿಲ್ಲ.

"ಸಾಹೇಬ್ರ, ಚೈನ್ ಹರಿತ ಇದ್ರ ಮಶೀನ್ ತಾನ ಒಳಗ ಇಳೀತೈತ್ರಿ. ಮೊಂಡ ಆದ್ರ ನಾವ್ ದಬ್ಬಬೇಕು. ದಬ್ಬಿದಾಗನ ಅದು ತಪ್ಪಿ ಒದೀತೈತಿ."

ಹಾಗಾದ್ರೆ ಅರ ಹಾಕಿ ಹರಿತ ಮಾಡ್ಕೋಬಾರದಾ ಅಂತ ಕೇಳಿದೆ. ದಡ್ಡ ಪ್ರಶ್ನೆ.

"ಮರಕ್ಕ ಇಷ್ಟು ಅಂತ ಕೂಲಿ ರೀ. ಅರ ಹಿಡ್ಕೊಂಡು ಕುಂತ್ರ ಸೇಠ್ ಬೈತಾನ. ಮಶೀನ್ ಅವಂದು, ಅರ ನಮ್ದು. ನಾವ ರೊಕ್ಕಾ ಹಾಕಿ ತರಬೇಕ್ರಿ."

ಇದಕ್ಕಿಂತ ಚೆನ್ನಾಗಿ ಆ ಕೊಟೇಶನ್ನಿನ ಬ್ಯಾಲೆನ್ಸ್ ಶೀಟನ್ನ ಯಾರೂ ಓದಿ ಹೇಳಲಾರರು.

ಆಮೇಲೆ ನಾನೂ ಒಂದಷ್ಟು ಓದಿದೆ, ಕೇಳಿದೆ. ಚೈನು ಸುತ್ತುವ ಉದ್ದ ಪಟ್ಟಿ ಇದೆಯಲ್ಲ, ಅದರ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಇಡೀ ಮಶೀನು ಕಣ್ಣುಮುಚ್ಚಿ ತೆರೆಯೋದರೊಳಗೆ ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಎಗರುತ್ತೆ. ಅದಕ್ಕೇ ಮುಂದಿನ ಹಿಡಿಯ ಎದುರಿಗೆ ಒಂದು ಅಡ್ಡಪಟ್ಟಿ ಇರುತ್ತೆ. ಕೈ ತಾಗಿದರೆ ಅಥವಾ ಮಶೀನು ಜೋರಾಗಿ ಎಗರಿದರೆ ಚೈನು ಅಲ್ಲೇ ನಿಲ್ಲುತ್ತೆ. ಅದೇ ಚೈನ್ ಬ್ರೇಕು. ನಮ್ಮ ಸೊಸೈಟಿಗೆ ಬಂದ ಮಶೀನಿನಲ್ಲಿ ಆ ಪಟ್ಟಿ ಮುರಿದು, ತಂತಿ ಕಟ್ಟಿತ್ತು. ಮಶೀನು ನನ್ನ ಕಾಲ ಬುಡದಲ್ಲೇ ಬಿದ್ದಿತ್ತು, ನೋಡಿದ್ದೆ. ಅದೇನು ಅಂತ ಗೊತ್ತಿರಲಿಲ್ಲ ಅಷ್ಟೆ.

ಚೈನಿಗೆ ಅರ ಹಾಕೋದು ಅಂದ್ರೆ ಉಜ್ಜೋದಲ್ಲ. ದುಂಡನೆ ಅರ, ಹಲ್ಲಿನ ಅಳತೆಗೆ ಸರಿಯಾದ್ದು, ಒಂದೇ ಕೋನದಲ್ಲಿ, ಪ್ರತಿ ಹಲ್ಲಿಗೂ ಲೆಕ್ಕವಾಗಿ ಅಷ್ಟೇ ಸಲ. ಎಡಗಡೆ ಹಲ್ಲು ಉದ್ದ, ಬಲಗಡೆ ಗಿಡ್ಡ ಆದರೆ ಗರಗಸ ಸೊಟ್ಟ ಹೋಗುತ್ತೆ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ದಿಬ್ಬ ಇರುತ್ತೆ. ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಅನ್ನೋದನ್ನ ನಿರ್ಧರಿಸೋದು ಅದು. ಹಲ್ಲು ಸವೆದ ಹಾಗೆ ಅದನ್ನೂ ಚಪ್ಪಟೆ ಅರದಿಂದ ಇಳಿಸಬೇಕು, ಜಾಸ್ತಿ ಇಳಿಸಿದರೆ ಅದೂ ಒದೆಯುತ್ತೆ. ಪೆಟ್ರೋಲಿಗೆ ಬೆರೆಸೋ ಟೂ-ಸ್ಟ್ರೋಕ್ ಎಣ್ಣೆ ಸಾಮಾನ್ಯವಾಗಿ ಲೀಟರಿಗೆ 20 ಮಿಲಿ. ಚೈನಿಗೆ ಬೇರೆ ಎಣ್ಣೆ ಬೇಕು. ಇಲ್ಲಿ ಅದರ ಬದಲು ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಸುರೀತಾರೆ, ಪುಕ್ಕಟೆ ಸಿಗುತ್ತಲ್ಲ. ಅದರಲ್ಲಿರೋ ಲೋಹದ ಪುಡಿ ಪಟ್ಟಿಯನ್ನೂ ಎಣ್ಣೆ ಪಂಪನ್ನೂ ತಿಂದುಹಾಕುತ್ತೆ. ಇನ್ನು ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ರವರೆಗೂ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತೆ. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರು ಕೆಡುತ್ತೆ.

ಇಷ್ಟೆಲ್ಲಕ್ಕೂ ಹೊತ್ತು ಬೇಕು, ದುಡ್ಡು ಬೇಕು. 18 ಸಾವಿರದ ಕೊಟೇಶನ್ನಿನಲ್ಲಿ ಅದು ಎಲ್ಲಿತ್ತು? ಎಲ್ಲೂ ಇರಲಿಲ್ಲ. ಅದಿಲ್ಲದ್ದಕ್ಕೇ ಅದು 18 ಸಾವಿರ. ನಮ್ಮ ಬ್ರಾಂಚಿನಲ್ಲಿ ನೋಟು ಎಣಿಸೋ ಮಶೀನಿಗೆ ವಾರ್ಷಿಕ ನಿರ್ವಹಣೆ ಕರಾರಿದೆ. ನೀರಿನ ಫಿಲ್ಟರಿಗಿದೆ. ಸೊಸೈಟಿಯಲ್ಲಿ ಲಿಫ್ಟಿಗೆ, ಸಿ.ಸಿ. ಟಿವಿಗೆ, ಕೊನೆಗೆ ಗೇಟಿನ ಇಂಟರ್‌ಕಾಮಿಗೂ ಇದೆ. ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹಲ್ಲು ತಿರುಗಿಸೋ ಯಂತ್ರ, ಅದನ್ನ ಒಬ್ಬ ಹುಡುಗ ಮರದ ತುದಿಯಲ್ಲಿ ಹಿಡಿದು ನಿಂತಿರುತ್ತಾನೆ, ಅದರ ನಿರ್ವಹಣೆ ಅವನ ಹಣೆಬರಹ!

ಅವನ ಕೈಗೆ ಮಾತ್ರ ಅಲ್ಲ, ಮರಕ್ಕೂ ಇದೇ ಗತಿ. ಅಲೆಕ್ಸ್ ಶೈಗೊ ಅಂತ ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಇದ್ದರು, 2006ರಲ್ಲಿ ತೀರಿಕೊಂಡರು. ಇದೇ ಚೈನ್ ಸಾ ಹಿಡಿದು ಸಾವಿರಾರು ಮರಗಳನ್ನ ಉದ್ದುದ್ದಕ್ಕೆ ಸೀಳಿ, ಒಳಗೆ ಕೊಳೆ ಹೇಗೆ ಹರಡುತ್ತೆ ಅಂತ ನೋಡಿದವರು. ಮರಕ್ಕೆ ಗಾಯ ವಾಸಿ ಮಾಡಿಕೊಳ್ಳೋಕೆ ಬರೋಲ್ಲ, ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನ ಒಳಗೇ ಕೂಡಿಹಾಕುತ್ತೆ ಅಂತ ತೋರಿಸಿದರು. ಕೊಂಬೆ ಕಾಂಡಕ್ಕೆ ಸೇರೋ ಕಡೆ ಒಂದು ಉಬ್ಬು ಇರುತ್ತೆ ನೋಡಿ, ಆ ಗೋಡೆ ಕಟ್ಟೋ ಶಕ್ತಿ ಇರೋದು ಅಲ್ಲಿ. ಉಬ್ಬನ್ನ ಬಿಟ್ಟು ಅದರ ಹೊರಗೆ ಕತ್ತರಿಸಬೇಕು. ದೊಡ್ಡ ಕೊಂಬೆಯಾದರೆ ಮೂರು ಏಟು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನ ಉಬ್ಬಿನ ಹತ್ತಿರ. ಒಂದೇ ಏಟಿಗೆ ಮೇಲಿನಿಂದ ಕಡಿದರೆ ಭಾರಕ್ಕೆ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತೆ. ನಮ್ಮ ಗುಲ್‌ಮೊಹರ್‌ಗೆ ಆಗಿದ್ದು ಅದೇ. ಆ ಗಾಯಕ್ಕೆ ನಮ್ಮ ಸೆಕ್ರೆಟರಿ ಗೇಟಿಗೆ ತಂದ ಬಣ್ಣದಲ್ಲಿ ಉಳಿದದ್ದನ್ನ ಬಳಿಸಿದರು. ಬಣ್ಣ ಬಳಿದರೆ ಕೊಳೆಯೋದು ನಿಲ್ಲೋಲ್ಲ ಅಂತಲೂ ಶೈಗೊ ಆಗಲೇ ತೋರಿಸಿದ್ದರು, ಗೇಟಿನ ಬಣ್ಣವಾದರೇನು, ಡಾಂಬರಾದರೇನು!

ಮೂರು ಏಟು ಹಾಕೋಕೆ ಮೂರರಷ್ಟು ಹೊತ್ತು ಬೇಕು, ಮತ್ತೆ ಹರಿತ ಚೈನು ಬೇಕು. ಮರಕ್ಕೆ ಇಷ್ಟು ಅಂತ ಕೂಲಿ ಪಡೆಯೋನು ಒಂದೇ ಏಟು ಹಾಕ್ತಾನೆ. ಅವನಿಗೆ ಗೊತ್ತಿಲ್ಲ ಅಂತಲ್ಲ.

ನನ್ನೂರು ಶಿರಸಿ ಕಡೆ. ಅಡಿಕೆ ಕೊಯ್ಲಿಗೆ ಕೊನೆಗಾರ ಬರ್ತಾನೆ ಅಂದ್ರೆ ನಮ್ಮಪ್ಪ ಹಿಂದಿನ ದಿನವೇ ಹಗ್ಗ ಎಳೆದು ನೋಡೋರು. ಅವನ ದಿನ ಸಿಗಬೇಕು ಅಂತ ಊರೇ ಕಾಯ್ತಿತ್ತು. ಮರದಿಂದ ಮರಕ್ಕೆ ಜೀಕೋನಿಗೆ ಏನು ಬೇಕು ಅನ್ನೋದನ್ನ ಅವನೇ ಹೇಳೋನು, ನಾವು ಕೊಡೋದು. ಚೌಕಾಶಿ ಇರಲಿಲ್ಲ ಅಂತ ಸುಳ್ಳು ಹೇಳೋಲ್ಲ. ಆದರೆ ಹಗ್ಗದ ಮೇಲೆ ಯಾರೂ ಚೌಕಾಶಿ ಮಾಡ್ತಿರಲಿಲ್ಲ. ಅದೇ ಮನೆಯಿಂದ ಬಂದ ನಾನು ಇಲ್ಲಿ ಎಲ್-ಒನ್ ಅಂತ ಕೂತೆ.

"ಜಾಸ್ತಿ ಕೊಟ್ಟರೂ ಕಂಟ್ರಾಕ್ಟರ್ ನುಂಗ್ತಾನೆ, ಹುಡುಗನಿಗೆ ಏನೂ ಹೋಗೋಲ್ಲ" ಅಂತ ನಮ್ಮ ಮೂರನೇ ಮಹಡಿಯವರ ವಾದ. ನಿಜ, ಹೇಳದೆ ಕೊಟ್ಟರೆ ನುಂಗ್ತಾನೆ. ಹಾಗಂತ ನೋಡಿ ತಗೊಳ್ಳೋಕೇನು ಕಷ್ಟ? ಮಶೀನು ಚಾಲೂ ಮಾಡಿ ಬ್ರೇಕು ಹಾಕಿ ತೋರಿಸು ಅನ್ನಿ, ಎರಡು ನಿಮಿಷದ ಕೆಲಸ. ಕೆಳಗೆ ಬೀಳೋ ಹೊಟ್ಟನ್ನ ಕೈಯಲ್ಲಿ ಹಿಡಿದು ನೋಡಿ. ಹಸಿ ಕೊಂಬೆಯಿಂದ ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೈನು ಹರಿತ, ಹಿಟ್ಟಿನ ಹಾಗೆ ಬಿದ್ದರೆ ಮೊಂಡು. ತರಕಾರಿ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡೋ ನಮಗೆ ಇದು ಬರೋಲ್ವೆ?

ಇನ್ನು ಮರ ಕಡಿಯೋದನ್ನ ಕಂಡ ಕೂಡಲೇ ಮೊಬೈಲಿನಲ್ಲಿ ಫೋಟೋ ಹಿಡಿದು "ಕಟುಕರು" ಅಂತ ವಾಟ್ಸಾಪಿಗೆ ಹಾಕೋ ಪರಿಸರಪ್ರೇಮಿಗಳಿದ್ದಾರೆ. ಅವರ ಕಾರಿನ ಮೇಲೆ ಕೊಂಬೆ ಬಿದ್ದರೆ ಮೊದಲ ಫೋನು ಇದೇ ಕಟುಕರಿಗೆ. ಅವರ ಬಗ್ಗೆ ಇಷ್ಟು ಸಾಕು.

ಕೈ ವಾಸಿಯಾದ ಮೇಲೆ ಆ ಹುಡುಗ ಒಂದು ದಿನ ಬ್ರಾಂಚಿಗೆ ಬಂದ. ಸ್ವಂತ ಮಶೀನು ತಗೋಬೇಕು, ಸಾಲ ಸಿಗುತ್ತಾ? 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆ ನೆನಪಾಯಿತು. ತರಬೇತಿ, ಸಲಕರಣೆಗೆ 15 ಸಾವಿರ, ಶೇಕಡಾ 5ರ ಬಡ್ಡಿಯಲ್ಲಿ ಸಾಲ. ಉತ್ಸಾಹದಿಂದ ಪಟ್ಟಿ ತೆಗೆದೆ. 18 ಕಸುಬುಗಳಿವೆ. ಬಡಗಿ, ಕಮ್ಮಾರ, ದೋಣಿ ಮಾಡೋನು, ಹೂಮಾಲೆ ಕಟ್ಟೋನು, ಬೊಂಬೆ ಮಾಡೋನು... ಮರ ಹತ್ತಿ ಸವರೋನು ಇಲ್ಲ. ಸರಕಾರದ ಕಣ್ಣಿಗೂ ಅದು ಕಸುಬಲ್ಲ, ಕೂಲಿ. ಉಳಿದದ್ದು ಮುದ್ರಾ ಸಾಲ, ಶಿಶು ವರ್ಗದಲ್ಲಿ 50 ಸಾವಿರದವರೆಗೆ. ಅರ್ಜಿ ತುಂಬಿಸೋಕೆ ಕೂತರೆ ಅವನು ತಂದ ಕೊಟೇಶನ್ನಿನಲ್ಲಿ ಮಶೀನು ಮಾತ್ರ. ಹೆಲ್ಮೆಟ್ಟು, ಸೊಂಟಪಟ್ಟಿ, ಹಗ್ಗ, ಎರಡನೇ ಚೈನು, ಅರ ಯಾವುದೂ ಇಲ್ಲ. ಮೂವತ್ತು ವರ್ಷದಿಂದ ಇಂಥ ಕೊಟೇಶನ್ನುಗಳಿಗೆ ನಾನು ಸಾಲ ಮಂಜೂರು ಮಾಡಿದ್ದೀನಿ, ಒಂದು ದಿನವೂ ಕೇಳಿರಲಿಲ್ಲ. ಅವತ್ತು ವಾಪಸ್ ಕಳಿಸಿದೆ, ಎಲ್ಲ ಸೇರಿಸಿ ಬರೆಸಿಕೊಂಡು ಬಾ ಅಂತ. ಎರಡನೇ ಸಲ ಬಂದಾಗ ಅವನ ಮುಖದಲ್ಲಿ, ಈ ಸಾಹೇಬ್ರು ಯಾಕಪ್ಪಾ ಇಷ್ಟು ಸತಾಯಿಸ್ತಾರೆ ಅನ್ನೋ ಭಾವ :)

ಈ ಸಲ ಸೊಸೈಟಿಗೆ ಕೊಟೇಶನ್ ಕೇಳುವಾಗ ನಾನೇ ಒಂದು ಹಾಳೆ ಬರೆದು ಅಂಟಿಸಿದ್ದೀನಿ. ಬ್ರೇಕು ಕೆಲಸ ಮಾಡೋ ಮಶೀನು, ಹೆಲ್ಮೆಟ್ಟು, ಸೊಂಟಪಟ್ಟಿ, ಕೆಲಸಗಾರರ ಹೆಸರಲ್ಲಿ ಅಪಘಾತ ವಿಮೆ, ದಿನಗೂಲಿ ಲೆಕ್ಕ, ದಿನಕ್ಕೆ ಒಂದು ಗಂಟೆ ಚೈನ್ ಹರಿತ ಮಾಡೋಕೆ. ಬಂದ ಅತಿ ಕಡಿಮೆ ಮೊತ್ತ 34 ಸಾವಿರ. ಬರೋ ಭಾನುವಾರ ಮೀಟಿಂಗು. ಸೆಕ್ರೆಟರಿ ಆಗಲೇ ಪೆನ್ಸಿಲಿನಲ್ಲಿ ಒಂದು ಸಾಲಿಗೆ ಗೆರೆ ಎಳೆದು ವಾಪಸ್ ಕಳಿಸಿದ್ದಾರೆ, "ಅರಕ್ಕೆ 300 ರೂಪಾಯಿ, ಇದು ಯಾಕೆ?" ಅಂತ.