ನೆನಪಿರುವ ಮಡಕೆ

ನಾಣ್ಯಕ್ಕೆ ನೆನಪಿಲ್ಲ. ಹತ್ತು ಸಲ ಸತತವಾಗಿ ತಲೆಯೇ ಬಿದ್ದಿದ್ದರೂ ಹನ್ನೊಂದನೆಯ ಸಲ ಅದು ಹಿಂದಿನದನ್ನೆಲ್ಲ ಮರೆತೇ ಮೇಲಕ್ಕೆ ಚಿಮ್ಮುತ್ತದೆ. ೧೦೦ ಸಲ ಚಿಮ್ಮಿದರೆ ತಲೆ ೪೦ರಿಂದ ೬೦ರೊಳಗೆ ಬೀಳುವ ಸಂಭವ ಶೇಕಡ ೯೬ರಷ್ಟಿರುವುದು ಈ ಮರೆವಿನ ಪುಣ್ಯದಿಂದಲೇ.

ಬುಡಾಪೆಸ್ಟಿನಲ್ಲಿ ೧೮೮೭ರಲ್ಲಿ ಜನಿಸಿದ ಗಣಿತಜ್ಞ ಜಾರ್ಜ್ ಪೋಲ್ಯ ಅವರಿಗೆ ಬೇಕಾದದ್ದು ನೆನಪುಳ್ಳ ಆಟ. ಅಂಟುರೋಗದಂತೆ, ಒಮ್ಮೆ ಆದದ್ದು ಮತ್ತೊಮ್ಮೆ ಆಗುವುದಕ್ಕೆ ದಾರಿ ಮಾಡಿಕೊಡುವ ಸಂಗತಿಗಳನ್ನು ಲೆಕ್ಕಕ್ಕೆ ತರಬೇಕಾಗಿತ್ತು. ೧೯೨೩ರಲ್ಲಿ ಎಗೆನ್‌ಬರ್ಗರ್ ಅವರೊಡನೆ ಪ್ರಕಟಿಸಿದ ಪ್ರಬಂಧದಿಂದ ಹೆಸರಾದ ಆ ಆಟ ಬಹು ಸರಳ. ಮಡಕೆಯಲ್ಲಿ ಒಂದು ಕೆಂಪು ಗೋಲಿ, ಒಂದು ಕಪ್ಪು ಗೋಲಿ. ನೋಡದೆ ಒಂದನ್ನು ತೆಗೆಯಬೇಕು. ಅದನ್ನು ಮರಳಿ ಹಾಕಿ, ಅದೇ ಬಣ್ಣದ ಇನ್ನೊಂದನ್ನೂ ಸೇರಿಸಬೇಕು. ಹೀಗೆಯೇ ಮುಂದೆ.

ಯಾವ ಬಣ್ಣಕ್ಕೂ ಪಕ್ಷಪಾತವಿಲ್ಲ. ಆದರೆ ಮೊದಲು ಕೆಂಪು ಬಂದಿತೆನ್ನಿ. ಈಗ ಕೆಂಪು ಎರಡು, ಕಪ್ಪು ಒಂದು. ಮುಂದಿನ ಸಲ ಕೆಂಪೇ ಬರುವ ಸಂಭವ ಮೂರರಲ್ಲಿ ಎರಡು. ಆಟ ಎಷ್ಟೇ ದೀರ್ಘವಾಗಲಿ, ಕಡೆಗೆ ಕೆಂಪಿನ ಪಾಲು ಅರ್ಧವನ್ನು ಮೀರಿ ನೆಲೆಗೊಳ್ಳುವ ಸಂಭವ ಆ ಒಂದೇ ಗೋಲಿಯ ಬಲದಿಂದ ನಾಲ್ಕರಲ್ಲಿ ಮೂರಾಗುತ್ತದೆ. ಮೊದಲ ಮೂರೂ ಕೆಂಪಾದರೆ ೧೬ರಲ್ಲಿ ೧೫! ಸಾವಿರದನೆಯ ಸಲ ಬಂದ ಗೋಲಿಯನ್ನಾದರೋ ಕೇಳುವವರೇ ಇಲ್ಲ.

೧೦೦ ಸಲ ತೆಗೆದರೆ ಕೆಂಪು ಎಷ್ಟು ಸಲ ಬಂದೀತು? ಸೊನ್ನೆಯಿಂದ ನೂರರವರೆಗಿನ ೧೦೧ ಉತ್ತರಗಳಿಗೂ ಸಮಾನ ಅವಕಾಶ. ಆಟ ಬೆಳೆದಂತೆ ಓಲಾಟ ತಗ್ಗಿ, ಒಂದು ಮಡಕೆಯಲ್ಲಿ ಕೆಂಪು ಶೇಕಡ ೮೦ಕ್ಕೆ ನಿಂತರೆ ಪಕ್ಕದ್ದರಲ್ಲಿ ೧೫ಕ್ಕೆ ನಿಂತೀತು. ನಿಂತ ಮೇಲೆ ಬಂದು ನೋಡಿದವನಿಗೆ ಅದು ಮಡಕೆಯ ಹುಟ್ಟುಗುಣವೆಂದೇ ತೋರುತ್ತದೆ. ಆದಿಯಲ್ಲಿ ಎರಡೂ ಒಂದೇ ಬಗೆಯವಾಗಿದ್ದುವೆಂದು ಅವನು ಹೇಗೆ ತಾನೇ ಬಲ್ಲ?

ಜನರ ಮೆಚ್ಚುಗೆಯೂ ಇಂಥ ಮಡಕೆಯೇ? ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿ ೨೦೦೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂತರಜಾಲದಲ್ಲಿ ಅಪರಿಚಿತ ತಂಡಗಳ ೪೮ ಹಾಡುಗಳು. ೧೪,೦೦೦ಕ್ಕೂ ಮಿಕ್ಕಿದ ಶ್ರೋತೃಗಳು. ಕೇಳಿ, ಬೇಕೆನಿಸಿದುದನ್ನು ಇಳಿಸಿಕೊಳ್ಳಬಹುದಾಗಿತ್ತು. ಕೆಲವರಿಗೆ ಹಾಡುಗಳಷ್ಟೇ ಕಂಡುವು. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಿಗೆ ಹಂಚಿ, ತಂತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಆರಿಸಿಕೊಂಡರೆಂಬ ಎಣಿಕೆಯನ್ನೂ ತೋರಿಸಲಾಯಿತು. ಎಲ್ಲ ಲೋಕಗಳಲ್ಲಿಯೂ ಎಣಿಕೆ ಸೊನ್ನೆಯಿಂದಲೇ ಆರಂಭ.

ಹಾಡುಗಳೇನೂ ಗೋಲಿಗಳಂತೆ ಸರಿಸಮವಲ್ಲ. ಗುಣ ತನ್ನ ಹಕ್ಕನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಅತ್ಯುತ್ತಮವಾದುವು ತೀರ ಕೆಳಗಿಳಿದದ್ದು ವಿರಳ, ಅತಿ ಕಳಪೆಯವು ಮೇಲೇರಿದ್ದೂ ವಿರಳ. ನಡುವಿನವುಗಳ ಪಾಡೇ ಬೇರೆ. ಎಣಿಕೆ ಕಾಣದವರ ಮೆಚ್ಚುಗೆಯಲ್ಲಿ ೨೬ನೆಯದಾಗಿದ್ದ ಹಾಡೊಂದು ಒಂದು ಲೋಕದಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಇನ್ನೊಂದರಲ್ಲಿ ೪೦ಕ್ಕೆ ಕುಸಿಯಿತು. ಅದೇ ರಾಗ, ಅದೇ ಕಂಠ. ಎರಡನೆಯ ಲೋಕದವರನ್ನು ಕಾರಣ ಕೇಳಿದ್ದರೆ, ಹಾಡಿನಲ್ಲಿ ಸತ್ವವಿಲ್ಲವೆಂದೇ ಅವರು ಹೇಳುತ್ತಿದ್ದರೇನೋ.