ಪ್ರತ್ಯೇಕ ಕೂಟವೇಕೆ? ಮೆಲ್ಬರ್ನಿನ ಗ್ರೀಕ್ ಮಹಿಳೆಯರ ಉತ್ತರ

ಗ್ರೀಕರ ಮಾತು ಬಂದೊಡನೆ ಕನ್ನಡಿಗರಿಗೆ ನೆನಪಾಗುವುದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಆ ಹರಕು ಪಪೈರಸ್. ಅದರಲ್ಲಿರುವ ಪ್ರಹಸನದ ನಾಯಕಿ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು. ಅವಳು ಭಾರತದ ಕಡಲ ತೀರದ ಅರಸನೊಬ್ಬನ ಕೈಯಲ್ಲಿ ಸಿಲುಕಿದ್ದಾಳೆ. ಬಿಡಿಸಿಕೊಂಡು ಹೋಗಲು ಸೋದರ ಹಡಗಿನಲ್ಲಿ ಬರುತ್ತಾನೆ. ಅರಸನ ಕಡೆಯವರ ಮಾತು ಕನ್ನಡವಿರಬೇಕೆಂದು ಹುಲ್ಟ್ಜ್ ಎಂಬ ವಿದ್ವಾಂಸರು 1904ರಲ್ಲಿ ಸೂಚಿಸಿದರು. ಗೋವಿಂದ ಪೈಗಳು ಆ ಜಾಡನ್ನು ಹಿಡಿದು ಮುಂದುವರಿದರು. ಚರ್ಚೆ ಇನ್ನೂ ಮುಗಿದಿಲ್ಲ. ಅದರಲ್ಲಿ ಕನ್ನಡವನ್ನು ಹುಡುಕುವ ಉತ್ಸಾಹದಲ್ಲಿ ನಾವು, ಪರಭಾಷೆಯ ನಡುವೆ ನಿಂತ ಆ ಹೆಣ್ಣಿನ ಕಡೆಗೆ ಹೆಚ್ಚು ನೋಡಿದವರಲ್ಲ.

ಇಪ್ಪತ್ತನೆಯ ಶತಮಾನದ ಗ್ರೀಕ್ ಹೆಣ್ಣುಮಕ್ಕಳ ಪಾಲಿಗೆ ಹಡಗು ಬಂದದ್ದು ಬಿಡಿಸಿಕೊಂಡು ಹೋಗುವುದಕ್ಕಲ್ಲ, ಕಳುಹಿಸಿಕೊಡುವುದಕ್ಕೆ. ಮಹಾಯುದ್ಧ, ಅದರ ಬೆನ್ನಿಗೇ ಅಂತರ್ಯುದ್ಧ, ಹಳ್ಳಿಗಳು ಬರಿದಾಗಿದ್ದವು. ಅಲ್ಲಿ ಮಗಳನ್ನು ಕೊಡಬೇಕಾದರೆ ‘ಪ್ರಿಕಾ’ ಬೇಕು, ಎಂದರೆ ವರದಕ್ಷಿಣೆ. ಅಕ್ಕತಂಗಿಯರನ್ನು ದಡ ಸೇರಿಸುವವರೆಗೆ ಸೋದರ ಮದುವೆಯಾಗುವಂತಿಲ್ಲ. (ಈ ಲೆಕ್ಕಾಚಾರವನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ.) 1952ರಲ್ಲಿ ಗ್ರೀಸ್ ಮತ್ತು ಆಸ್ಟ್ರೇಲಿಯಗಳ ನಡುವೆ ವಲಸೆ ಒಪ್ಪಂದವಾಯಿತು. ಮೊದಲು ಗಂಡಸರು ಹೋದರು, ಅವರ ಹಿಂದೆ ವಧುಗಳು. 1957ರಲ್ಲಿ ಬೆಗೋನಾ ಎಂಬ ಒಂದೇ ಹಡಗು ಸುಮಾರು 900 ಯುವತಿಯರನ್ನು ಹೊತ್ತು ಮೆಲ್ಬರ್ನಿಗೆ ಬಂದುದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಅನೇಕರ ಕೈಯಲ್ಲಿದ್ದುದು ತಾವು ಎಂದೂ ಕಾಣದ ವರನ ಒಂದು ಭಾವಚಿತ್ರ, ಅದೂ ಎಷ್ಟೋ ಸಲ ಹಳೆಯದು.

ಆ ವಧುಗಳ ಮಕ್ಕಳೂ ಮೊಮ್ಮಕ್ಕಳೂ ಸೇರಿ ಮೆಲ್ಬರ್ನಿನಲ್ಲಿ ಗ್ರೀಕ್ ಮೂಲದ ಮಹಿಳೆಯರದೇ ಒಂದು ಜಾಲವನ್ನು ಕಟ್ಟಿಕೊಂಡಿದ್ದಾರೆ. ಅದರ ಹೆಸರು ‘ಫುಡ್ ಫಾರ್ ಥಾಟ್’. ನಮ್ಮಲ್ಲಿ ‘ಆಲೋಚನೆಗೆ ಗ್ರಾಸ’ ಎನ್ನುತ್ತೇವಲ್ಲ, ಅದೇ. ಅಡುಗೆಮನೆಯನ್ನು ಕೈಬಿಡದೆ ಅದರಿಂದ ಹೊರಬರುವ ಜಾಣತನ ಆ ಹೆಸರಿನಲ್ಲೇ ಇದೆ. ಇಂಥ ಕೂಟದ ಬಗ್ಗೆ ಕೇಳಿಬರುವ ಆಕ್ಷೇಪವೂ ಪರಿಚಿತವೇ: ಒಂದು ಸಮುದಾಯಕ್ಕೆ ಒಂದು ಸಂಘ ಇರುವಾಗ ಹೆಂಗಸರಿಗೆ ಬೇರೆಯದೇಕೆ? ಮೆಲ್ಬರ್ನಿನ ಗ್ರೀಕ್ ಸಮುದಾಯ ಸಂಸ್ಥೆ 1897ರಷ್ಟು ಹಳೆಯದು. ಶಾಲೆ, ಚರ್ಚು, ಉತ್ಸವಗಳೆಲ್ಲ ಇದ್ದವು. ಆದರೂ ಬೇರೆಯದು ಬೇಕಾಗಿತ್ತು ಎಂಬುದೇ ನನ್ನ ನಿಲುವು. ಅದಕ್ಕೆ ಕಾರಣ, ವಲಸೆಯಲ್ಲಿ ಹೆಣ್ಣಿಗೆ ಒಪ್ಪಿಸಿದ ಕೆಲಸದ ಸ್ವರೂಪ.

ಭಾಷೆಯನ್ನು ಮಕ್ಕಳಿಗೆ ಕಲಿಸುವವಳು ಅವಳು, ಉಪವಾಸದ ದಿನಗಳನ್ನು ನೆನಪಿಡುವವಳು ಅವಳು, ಈಸ್ಟರಿನ ಮೊಟ್ಟೆಗಳಿಗೆ ಕೆಂಪು ಬಣ್ಣ ಹಚ್ಚುವವಳೂ ಅವಳೇ. ಸಂಸ್ಕೃತಿಯನ್ನು ಹೊರುವ ಕೆಲಸ ಅವಳದು. ಆದರೆ ಯಾವುದು ಸಂಸ್ಕೃತಿ, ಯಾವುದು ಅಲ್ಲ ಎಂದು ತೀರ್ಮಾನಿಸುವ ಸಮಿತಿಯ ಕುರ್ಚಿಗಳಲ್ಲಿ ಬಹುಕಾಲ ಕುಳಿತವರು ಗಂಡಸರು. ಇದರ ಪರಿಣಾಮ ವಿಚಿತ್ರವಾಗಿತ್ತು. ಗ್ರೀಸ್ 1983ರಲ್ಲಿ ತನ್ನ ಕುಟುಂಬ ಕಾನೂನನ್ನೇ ತಿದ್ದಿ ಬರೆಯಿತು. ವರದಕ್ಷಿಣೆಯ ವ್ಯವಸ್ಥೆಯನ್ನು ರದ್ದುಮಾಡಿತು, ಮದುವೆಯ ನಂತರವೂ ಹೆಣ್ಣಿಗೆ ಅವಳ ಹುಟ್ಟುಹೆಸರೇ ಉಳಿಯುವಂತೆ ಮಾಡಿತು. ಆದರೆ ಮೆಲ್ಬರ್ನಿನ ಎಷ್ಟೋ ಮನೆಗಳಲ್ಲಿ ಗ್ರೀಸ್ ಎಂದರೆ ಆಗಲೂ ಬಿಟ್ಟುಬಂದ ವರ್ಷದ ಗ್ರೀಸೇ. ಮಗಳು ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಮರಳಬೇಕೆಂಬುದನ್ನು ಐವತ್ತರ ದಶಕದ ಹಳ್ಳಿ ನಿರ್ಧರಿಸುತ್ತಿತ್ತು. ಹೊರನಾಡಿಗರು ತಾಯ್ನಾಡನ್ನು ಉಪ್ಪಿನಕಾಯಿಯಂತೆ ಜಾಡಿಯಲ್ಲಿಟ್ಟು ಮುಚ್ಚುತ್ತಾರೆ. ಆ ಉಪ್ಪು ಹೆಚ್ಚಾಗಿ ತಟ್ಟುವುದು ಹೆಣ್ಣುಮಕ್ಕಳಿಗೆ.

ಹೆಸರಿನ ವಿಷಯವನ್ನೇ ನೋಡಿ. ಗ್ರೀಕಿನಲ್ಲಿ ತಂದೆ ಪಾಪಡೋಪುಲೋಸ್ ಆದರೆ ಮಗಳು ಪಾಪಡೋಪುಲೂ. ಅದು ಷಷ್ಠೀ ವಿಭಕ್ತಿಯ ರೂಪ, ‘ಪಾಪಡೋಪುಲೋಸನ’ ಎಂದರ್ಥ. ಆಸ್ಟ್ರೇಲಿಯದ ದಾಖಲೆಗಳಿಗೆ ಈ ವ್ಯಾಕರಣ ತಿಳಿಯದು. ಅಲ್ಲಿ ಹುಟ್ಟಿದ ಮಗಳ ಹೆಸರಿನ ಮುಂದೆ ಸಾಮಾನ್ಯವಾಗಿ ತಂದೆಯ ಪುಲ್ಲಿಂಗ ರೂಪವೇ ಬಂದು ಕುಳಿತಿತು. ಒಂದು ಭಾಷೆಯಲ್ಲಿ ಅವಳು ಯಾರದೋ ಸೊತ್ತು, ಇನ್ನೊಂದರಲ್ಲಿ ವ್ಯಾಕರಣದೋಷ! ಇದನ್ನು ನಗುತ್ತಾ ಮಾತನಾಡಿಕೊಳ್ಳಬೇಕಾದರೂ ಅದೇ ಅನುಭವವಿದ್ದವರ ನಡುವೆ ಕೂರಬೇಕಾಗುತ್ತದೆ.

ನಗಲಾಗದ ಸಂಗತಿಗಳೂ ಇವೆ. ತಾಯಂದಿರು ಬಂದವರೇ ಬಟ್ಟೆ ಗಿರಣಿ, ಸಿದ್ಧ ಉಡುಪು, ಆಹಾರ ಸಂಸ್ಕರಣೆಯ ಕಾರ್ಖಾನೆಗಳಿಗೆ ಸೇರಿದರು. ಪಾಳಿ ಮುಗಿಸಿ ಮನೆಗೆ ಬಂದರೆ ಅಲ್ಲೊಂದು ಹೊಲಿಗೆಯಂತ್ರ, ತುಂಡಿಗಿಷ್ಟು ಎಂದು ಕೂಲಿ. ಇಂಗ್ಲಿಷ್ ಕಲಿಯಲು ಬಿಡುವೆಲ್ಲಿ? ಸರ್ಕಾರ ದೂರವಾಣಿಯ ಮೂಲಕ ದುಭಾಷಿ ಸೇವೆ ಆರಂಭಿಸಿದ್ದು 1973ರಲ್ಲಿ. ಅದಕ್ಕೆ ಮೊದಲೂ, ಎಷ್ಟೋ ಕಡೆ ಅದರ ನಂತರವೂ, ದುಭಾಷಿಯಾಗಿ ನಿಂತವಳು ಹತ್ತು ಹನ್ನೆರಡು ವರ್ಷದ ಮಗಳು. ಬ್ಯಾಂಕಿನಲ್ಲಿ ಸಾಲದ ಷರತ್ತು, ಆಸ್ಪತ್ರೆಯಲ್ಲಿ ತಾಯಿಯ ಗರ್ಭಕೋಶದ ಕಾಯಿಲೆ ಎಲ್ಲವೂ ಅವಳ ಬಾಯಿಂದಲೇ ಹೋಗಬೇಕು, ಅವಳ ಕಿವಿಯಿಂದಲೇ ಬರಬೇಕು. ಆ ಮಗಳಿಗೆ ಇಂದು ಅರವತ್ತರ ಆಸುಪಾಸು. ಮರೆವಿನ ಕಾಯಿಲೆ ಬಂದ ತಾಯಿ ಕಲಿತಿದ್ದ ಅಲ್ಪಸ್ವಲ್ಪ ಇಂಗ್ಲಿಷನ್ನೂ ಕಳೆದುಕೊಂಡು ಗ್ರೀಕಿಗೆ ಮರಳಿದ್ದಾಳೆ. ಮಗಳು ಮತ್ತೆ ದುಭಾಷಿ. ಈ ಭಾರವನ್ನು ಇಳಿಸಿ ಕುಳಿತುಕೊಳ್ಳುವ ಜಾಗ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಎಂದಾದರೂ ಇದ್ದೀತೆ?

ಈ ಅನುಭವ ಬರವಣಿಗೆಯಾಗುವುದಕ್ಕೂ ಬೇರೆಯೇ ಮನೆ ಬೇಕಾಯಿತು. ಮೆಲ್ಬರ್ನಿನ ಔಲ್ ಪ್ರಕಾಶನ 1994ರಲ್ಲಿ ಗ್ರೀಕ್-ಆಸ್ಟ್ರೇಲಿಯನ್ ಲೇಖಕಿಯರ ಸಂಕಲನವನ್ನು ಹೊರತಂದಿತು. ರುಮೇನಿಯದ ಗ್ರೀಕ್ ಕುಟುಂಬದಲ್ಲಿ ಹುಟ್ಟಿ, ನ್ಯೂಜಿಲೆಂಡ್ ದಾಟಿ ಸಿಡ್ನಿಗೆ ಬಂದು ನೆಲೆಸಿದ ಕವಿ ಆಂಟಿಗೊನಿ ಕೆಫಲಾ ಅವರಿಗೆ ಪ್ಯಾಟ್ರಿಕ್ ವೈಟ್ ಪ್ರಶಸ್ತಿ ಸಂದದ್ದು 2022ರಲ್ಲಿ, ಅವರು ತೀರಿಕೊಂಡ ವರ್ಷದಲ್ಲಿ.

ಇಂಥ ಜಾಲಗಳ ಬಗ್ಗೆ ನನಗೊಂದು ಅಳುಕೂ ಇದೆ. ಅವು ಬೆಳೆದಂತೆ ವಕೀಲೆಯರು, ವೈದ್ಯೆಯರು, ಉದ್ಯಮಿಗಳು ಮುಂದಿನ ಸಾಲಿಗೆ ಬರುತ್ತಾರೆ. ಹೊಲಿಗೆಯಂತ್ರದ ಅಜ್ಜಿ ಸನ್ಮಾನದ ಶಾಲು ಹೊದ್ದ ಸಂಕೇತವಾಗಿಬಿಡುವ ಅಪಾಯವಿದೆ. 2021ರ ಜನಗಣತಿಯಲ್ಲಿ ಗ್ರೀಕ್ ಮೂಲದವರೆಂದು ಹೇಳಿಕೊಂಡ ಆಸ್ಟ್ರೇಲಿಯನ್ನರು 4 ಲಕ್ಷ 20 ಸಾವಿರಕ್ಕೂ ಹೆಚ್ಚು. ಮನೆಯಲ್ಲಿ ಗ್ರೀಕ್ ಆಡುವವರು ಸುಮಾರು 2 ಲಕ್ಷ 30 ಸಾವಿರ. ನಡುವಿನ ಈ ಅಂತರವನ್ನು ತೋರಿಸಿ ತಾಯಂದಿರನ್ನೇ ದೂರುವುದು ಸುಲಭ. ಭಾಷೆ ಮನೆಯಲ್ಲಿ ಉಳಿಯಲಿಲ್ಲವೆಂದರೆ ಮನೆಯಲ್ಲಿದ್ದ ಗಂಡಸು ಯಾವ ಭಾಷೆಯಲ್ಲಿ ಮೌನವಾಗಿದ್ದ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಹೊರನಾಡ ಸಂಘಗಳಲ್ಲಿಯೂ ಮಹಿಳಾ ವಿಭಾಗಗಳಿವೆ. ರಂಗೋಲಿ ಸ್ಪರ್ಧೆ, ಹಳದಿ ಕುಂಕುಮ, ರಾಜ್ಯೋತ್ಸವದಂದು ಸ್ವಾಗತಗೀತೆ, ಪೂರ್ಣಕುಂಭ. ಮುಂಬಯಿಯ ಲೇಖಕಿಯರು ‘ಸೃಜನಾ’ ಎಂಬ ಬಳಗವನ್ನು ತಾವಾಗಿ ಕಟ್ಟಿಕೊಂಡದ್ದು ಬೇರೆಯ ಬಗೆಯದು. ಅದು ಯಾವ ಸಂಘದ ಉಪಶಾಖೆಯೂ ಅಲ್ಲ. ವಿಭಾಗಕ್ಕೂ ಜಾಲಕ್ಕೂ ಇರುವ ವ್ಯತ್ಯಾಸ ಇಷ್ಟೇ: ಮೊದಲನೆಯದರ ಕಾರ್ಯಕ್ರಮಪಟ್ಟಿಯನ್ನು ಬೇರೆಯವರು ಮಂಜೂರು ಮಾಡುತ್ತಾರೆ. ಪುಣೆಯಲ್ಲೋ ಚೆನ್ನೈಯಲ್ಲೋ ಮುಂದಿನ ಬಾರಿ ಮಹಿಳಾ ವಿಭಾಗ ಅಡುಗೆ ಸ್ಪರ್ಧೆಯ ಬದಲು, ಮದುವೆಯಾಗಿ ಈ ಊರಿಗೆ ಬಂದ ಮೊದಲ ವರ್ಷ ಯಾರೊಡನೆ ಮಾತನಾಡಿದಿರಿ ಎಂಬ ಒಂದೇ ಪ್ರಶ್ನೆಯಿಟ್ಟು ಸಂಜೆಯಿಡೀ ಕುಳಿತರೆ, ಆ ಸಭೆಗೆ ಅಧ್ಯಕ್ಷರ ಭಾಷಣವನ್ನು ಯಾವ ಗಳಿಗೆಯಲ್ಲಿ ಇಡುವುದೆಂದು ಕಾರ್ಯಕಾರಿ ಸಮಿತಿಗೆ ಬಹುಶಃ ತೋಚಲಾರದು.